ತೊಟ್ಟಿಗೆ ಹಸಿರು ಬಂದದ್ದು

ಮೇಷ್ಟರ ಕೆಲಸದಲ್ಲಿ ಒಂದು ಸೌಕರ್ಯವಿದೆ. ಪಾಠ ಹೇಳಿದರೆ ಸಾಕು, ತಾನೂ ಕಲಿಯಲೇಬೇಕೆಂಬ ಕಡ್ಡಾಯವಿಲ್ಲ. ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ನಾನು ಈ ಸೌಕರ್ಯವನ್ನು ಧಾರಾಳವಾಗಿ ಬಳಸಿಕೊಂಡವಳು. ಕಡಲ ತಳದ ಬಂಡೆಯ ಮೇಲೆ ಯಾರು ಬಾಳಬೇಕೆಂದು ತೀರ್ಮಾನಿಸುವವರು ಪಾಚಿ ಮೇಯುವ ಸಣ್ಣಪುಟ್ಟ ಜೀವಿಗಳೇ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಅವು ವಿಪರೀತ ಮೇಯ್ದರೆ ಬಂಡೆ ಬೋಳು. ಮೇಯುವುದನ್ನೇ ಬಿಟ್ಟರೆ ಪಾಚಿಯದೇ ದರ್ಬಾರು, ಹವಳಕ್ಕೆ ಕೂರಲು ಜಾಗವಿರುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆದವರಿಗೆ ನಾನು ಕನಿಕರ ತೋರಿದವಳೂ ಅಲ್ಲ.

ಸಮುದ್ರ ನೋಡದ ಮಕ್ಕಳಿಗೆಂದು ಲ್ಯಾಬಿನಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದನ್ನು ಇಟ್ಟಿದ್ದೆ. ಒಳಗೆ ನಾಲ್ಕು ಕಲ್ಲು, ಉಗುರಿನಷ್ಟು ಹವಳ, ಮೈಯೆಲ್ಲ ಮುಳ್ಳಿರುವ ಒಂದು ಸೀ ಅರ್ಚಿನ್. ಅದು ಹಗಲೂ ರಾತ್ರಿ ಕಲ್ಲು ಕೆರೆದು ಪಾಚಿ ತಿನ್ನುತ್ತಿತ್ತು. ಆರು ವರ್ಷದಲ್ಲಿ ಹವಳ ಅಂಗೈಯಗಲ ಆಯಿತು. ಆ ಕಾಲೇಜಿನಲ್ಲಿ ನನ್ನದು ಅಂತ ಬೆಳೆದದ್ದು ಅದೊಂದೇ.

ತಪಾಸಣೆಯ ತಂಡ ಬರಲು ಎರಡು ತಿಂಗಳಿರುವಾಗ ಪ್ರಿನ್ಸಿಪಾಲರು ತೊಟ್ಟಿಯೊಳಗೆ ಇಣುಕಿದರು.

"ಏನ್ ಮೇಡಂ, ಬರೀ ಕಲ್ಲು ಕಾಣ್ತಿದೆ? ಈ ಸಲ ಗ್ರೀನ್ ಕ್ಯಾಂಪಸ್ ಅಂತ ತೋರಿಸ್ಬೇಕು. ಸ್ವಲ್ಪ ಹಸಿರು ಬರ್ಸಿ."

"ಸರ್, ಹಸಿರು ಜಾಸ್ತಿಯಾದ್ರೆ ಹವಳ ಸತ್ತೋಗುತ್ತೆ."

"ಕಲ್ಲು ತಾನೇ ಅದು? ಅದೇನ್ ಸಾಯುತ್ತೆ ಬಿಡಿ!"

ನನ್ನ ಬಡ್ತಿಯ ಫೈಲು ಅವರ ಮೇಜಿನ ಮೇಲಿತ್ತು. ಅಂದೇ ಅರ್ಚಿನ್ನನ್ನು ಬಕೆಟ್ಟಿಗೆ ವರ್ಗ ಮಾಡಿದೆ. ಕಲ್ಲನ್ನು ಬಿಗಿಯಾಗಿ ಹಿಡಿದಿತ್ತು ಪಾಪ, ಬಿಡಿಸುವಾಗ ಬೆರಳಿಗೆ ಚುಚ್ಚಿತು. ಚುಚ್ಚಬೇಕಾದ್ದೇ. ತೊಟ್ಟಿಯಲ್ಲಿ ಅದರ ಊಟ ಸೊಂಪಾಗಿ ಬೆಳೆಯುತ್ತಿದ್ದಾಗ, ಇಲ್ಲಿ ಬಕೆಟ್ಟಿನಲ್ಲಿ ಅದು ನಾನು ಗಾಂಧಿಬಜಾರಿನಿಂದ ತಂದು ಹಾಕಿದ ಎಲೆಕೋಸನ್ನು ಮುಟ್ಟದೆ ಎರಡೇ ವಾರಕ್ಕೆ ಸತ್ತಿತು. ಆಮೇಲೆ ಹವಳದ ಗತಿ ಏನಾಯಿತೋ ಎಂದು ಹೆದರಿ, ಹಲ್ಲುಜ್ಜುವ ಬ್ರಷ್ ಹಿಡಿದು ಪಾಚಿ ಕೆರೆದು ನೋಡಿದೆ. ಕೆಳಗೆ ಹವಳ ಬಿಳಿಚಿಕೊಂಡು ಸುಣ್ಣದ ಹೆಂಟೆಯಾಗಿತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಕೆರೆದ ಜಾಗ ಕಾಣದಂತೆ ಕಲ್ಲನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ.

ತಂಡ ಬಂತು. ಅದರ ಹಿರಿಯರು ತೊಟ್ಟಿಯ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಅಬ್ಬಾ, ಎಷ್ಟು ಜೀವಂತವಾಗಿದೆ ರೀ! ಯಾರ ಕೈಗುಣ ಇದು?"

ಪ್ರಿನ್ಸಿಪಾಲರು ನನ್ನತ್ತ ನೋಡಿದರು. ನಾನು ಸೆರಗು ಸರಿಮಾಡಿಕೊಂಡು, ಒಂದು ಹೆಜ್ಜೆ ಮುಂದೆ ಬಂದು, "ನಂದೇ ಸರ್," ಎಂದೆ.