ಕಣದ ಪೆಟ್ಟಿಗೆಗೆ ನಾನು ಹಾಕಿದ ಹೊಲಿಗೆ

ಹೊಲಿಗೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ನಾನು ಹೊಲಿದ ಕೌದಿ ಹೊದೆಯದ ಮನೆ ದೇವಾಪುರದಲ್ಲಿ ಕಡಿಮೆ. ಓದು ಮಾತ್ರ ಎರಡನೆಯ ಇಯತ್ತೆಗೇ ನಿಂತಿತು. ಇಷ್ಟು ಬರೆಯಲು ನಾಲ್ಕು ದಿನ ಹಿಡಿದಿದೆ. ಆದರೂ ವಿಜ್ಞಾನಕ್ಕೆ ನನ್ನಿಂದಾದ ಸೇವೆಯನ್ನು ನಾನೇ ಬರೆಯುವುದು ಒಳ್ಳೆಯದು. ಮೊಮ್ಮಗಳು ಬರೆದರೆ ಬೈದು ಬರೆಯುತ್ತಾಳೆ!

ಮೊಮ್ಮಗಳು ರೇಣುಕಾ ಕಲಬುರಗಿಯಲ್ಲಿ ಭೌತಶಾಸ್ತ್ರ ಓದುತ್ತಾಳೆ. ಬೇಸಿಗೆ ರಜೆಗೆ ಬಂದವಳು ಕರಿ ಬಟ್ಟೆ ಸುತ್ತಿದ ಪೆಟ್ಟಿಗೆಯೊಂದನ್ನು ನನ್ನ ಪಡಸಾಲೆಯಲ್ಲಿ ಇಟ್ಟಳು.

"ಆಯಿ, ಮುಗಲಿನಿಂದ ಕಣ ಬೀಳ್ತಾವ. ಕಣ್ಣಿಗೆ ಕಾಣಂಗಿಲ್ಲ. ಇದರೊಳಗ ಹಾದ್ರ ಮಿಣಕ್ ಅಂತಾವ, ಮಿಷನ್ ಎಣಸ್ತದ."

"ಎಣಿಸಿ ಏನ್ ಮಾಡ್ತಿ?"

"ಎಷ್ಟು ಬೀಳಬೇಕಂತ ಪುಸ್ತಕದಾಗ ಅದ. ಅದಕಿಂತ ಹೆಚ್ಚಿಗಿ ಬಂದ್ರ ಪುಸ್ತಕಕ್ಕ ಗೊತ್ತಿಲ್ಲದ್ದು ಏನೋ ಅದ ಅಂತ ಅರ್ಥ. ದೊಡ್ಡ ದೊಡ್ಡವ್ರು ಅದನ್ನೇ ಹುಡುಕಾಕತ್ತಾರ."

ಈ ಎಣಿಕೆ ನೋಡಿಯೇ ಅವಳ ಗುರುಗಳು ಮುಂದಿನ ಸಂಶೋಧನೆಗೆ ಅವಳನ್ನು ಸೇರಿಸಿಕೊಳ್ಳುವುದೋ ಬಿಡುವುದೋ ಹೇಳುವವರಿದ್ದರು. "ಮುಟ್ಟಬ್ಯಾಡ ನೋಡು" ಎಂದು ಹೇಳಿ, ಎರಡು ದಿನ ಗೆಳತಿಯ ಮದುವೆಗೆ ಶಹಾಪುರಕ್ಕೆ ಹೋದಳು.

ಮುಟ್ಟಲಿಲ್ಲ. ಹೊಲಿದೆ!

ಬಿಸಿಲಿಗೆ ಕರಿ ಬಟ್ಟೆಯ ಅಂಟುಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಅಂಟನ್ನು ನಾನು ಎಂದೂ ನಂಬಿದವಳಲ್ಲ. ಮೇಲೆ ಹಳೆ ಸೀರೆ ಹೊದಿಸಿ, ದಬ್ಬಣದಿಂದ ಕರಿ ಬಟ್ಟೆಗೂ ಸೇರಿಸಿ, ಸಾಲು ಸಾಲಾಗಿ ಕೌದಿ ಹೊಲಿಗೆ ಹಾಕಿದೆ. ರೇಣುಕಾ ಬಂದು, "ಚಂದ ಆಗ್ಯಾದ, ಧೂಳರ ಬೀಳಂಗಿಲ್ಲ" ಎಂದಳು. ದಬ್ಬಣ ಒಳಗಿನವರೆಗೂ ಹೋಗಿದ್ದು ಅವಳಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಮರುದಿನ ನೋಡಿದರೆ ಎಣಿಕೆ ಏರಿತ್ತು. ಹಗಲು ಹೆಚ್ಚು, ಹೊತ್ತು ಮುಳುಗಿದರೆ ಕಡಿಮೆ. ಹುಡುಗಿ ಊಟವನ್ನೇ ಮರೆತಳು. "ಆಯಿ, ಸೂರ್ಯನ ಕಡಿಂದ ಹೊಸಾದೇನೋ ಬರಾಕತ್ತದ!" ಎಂದು ಗುರುಗಳಿಗೆ ಫೋನು ಮಾಡಿದಳು. ನಾನು ಓಣಿಗೆಲ್ಲ ಸಾರಿದೆ.

"ಏನ್ ಸಿಕ್ಕಾದಬೇ?" ಎಂದಳು ಪಕ್ಕದ ಮನೆಯ ಸಾಬಮ್ಮ.

"ಯಾರಿಗೂ ಗೊತ್ತಿಲ್ಲದ್ದು."

"ನಿನಗ ಹ್ಯಾಂಗ ಗೊತ್ತಾತು ಮತ್ತ?"

ಗುರುಗಳು ಬಂದರು. ಅಂಕಿಗಳನ್ನು ನೋಡಿ, "ಎಲ್ಲೋ ಬೆಳಕು ನುಸುಳಾಕತ್ತದವಾ. ಬೆಳಕು ಹೊಕ್ಕರೂ ಮಿಷನ್ ಕಣ ಅಂತನೇ ಎಣಸ್ತದ" ಎಂದರು.

"ಇಲ್ರಿ ಸರ್! ಕರಿ ಬಟ್ಟಿ ಸುತ್ತಿದಾಗ ಬ್ಯಾಟರಿ ಹಿಡಿದು ನಾನೇ ನೋಡೀನಿ. ಒಂದು ತೂತಿಲ್ರಿ."

ಕೆನಾಲ್ ನೀರು ಬಂದಾಗಿನಿಂದ ನಾನು ಹೊಲಕ್ಕೆ ನೀರು ಹಾಯಿಸಿದವಳು. ನೀರು ಕಡಿಮೆಯಾದರೆ ಮೇಲಿನ ಹೊಲದವನ ಜೊತೆ ಜಗಳಕ್ಕೆ ಹೋಗುವ ಮೊದಲು ನಮ್ಮ ಬದುವಿನಲ್ಲೇ ಏಡಿ ತೂತು ಹುಡುಕುತ್ತಿದ್ದೆ. ಬಹಳ ಸಲ ಅಲ್ಲೇ ಇರುತ್ತಿತ್ತು. ಸೂರ್ಯನ ಮೇಲೆ ಆರೋಪ ಹೊರಿಸುವಾಗ ಆ ಬುದ್ಧಿ ಎಲ್ಲಿಗೆ ಹೋಗಿತ್ತು? ಈಗ ನಾನು ಸುಮ್ಮನಿದ್ದರೆ ಹುಡುಗಿ ಸುಳ್ಳಿಯಾಗುತ್ತಾಳೆ.

"ತೂತು ನಾ ಮಾಡೀನ್ರಿ," ಎಂದೆ.

"ಎಷ್ಟು?"

"ಎಣಿಸಿಲ್ರಿ. ಮುನ್ನೂರರ ಮ್ಯಾಲ ಇರಬೇಕು."

ರೇಣುಕಾ ತಲೆ ಹಿಡಿದುಕೊಂಡು ಕೂತಳು. ಗುರುಗಳೇ ಹೊಲಿಗೆ ಬಿಚ್ಚಿದರು. ಕೊನೆಯ ಮೂಲೆಯಿಂದ ಏನೋ ಟಪ್ಪೆಂದು ಬಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸಿದರು.

"ಇದೇನಮ್ಮಾ?"

"ರೊಟ್ಟೀರಿ."

ಕೌದಿ ಮುಗಿಸುವಾಗ ಅದರ ಹೊಟ್ಟೆ ಖಾಲಿ ಬಿಡಬಾರದು. ಕೊನೆಯ ಮೂಲೆಗೆ ರೊಟ್ಟಿ ತುಂಡು ಇಟ್ಟೇ ಮುಚ್ಚುತ್ತೇವೆ. ಪೆಟ್ಟಿಗೆಗೆ ಹಸಿವಾಗುವುದಿಲ್ಲವೆಂದು ನನಗೆ ಯಾರು ಹೇಳಿದ್ದರು?

ಗುರುಗಳು ನಕ್ಕು ಸಾಕಾದ ಮೇಲೆ ರೇಣುಕಾಗೆ ಹೇಳಿದರು: "ಹೊಸ ಬಟ್ಟಿ ಸುತ್ತಿ ಮೊದಲಿಂದ ಎಣಿಸು. ಬಂದದ್ದಷ್ಟೇ ಬರಿ. ಬರೋಬ್ಬರಿ ಮಾಡಿದ್ರ ಸೇರಿಸ್ಕೋತೀನಿ."

ಮೂರು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಒಂದು ತಿಂಗಳು ನನ್ನ ಮನೆಯ ಪಡಸಾಲೆಗೆ ನನಗೇ ಪ್ರವೇಶವಿರಲಿಲ್ಲ. ಎಣಿಕೆ ಮುಗಿಯಿತು, ಗುರುಗಳು ಅವಳನ್ನು ಸೇರಿಸಿಕೊಂಡರು.

"ಪುಸ್ತಕಕ್ಕ ಗೊತ್ತಿಲ್ಲದ್ದು ಏನರ ಸಿಕ್ತೇನವಾ?" ಎಂದು ಬಾಗಿಲಲ್ಲಿ ನಿಂತೇ ಕೇಳಿದೆ.

"ಇಲ್ಲ ಆಯಿ. ಪುಸ್ತಕದಾಗ ಇದ್ದಷ್ಟೇ ಬಂತು."

ಅಂದರೆ ಲೆಕ್ಕಕ್ಕಿಂತ ಹೆಚ್ಚಿಗೆ ಇದ್ದವಳು ನಾನೊಬ್ಬಳೇ!