ಸಿಂಗಾಪುರದ ಪರಸ್ಥಾನ

ಚಾಮರಾಜಪೇಟೆಯ ತರಕಾರಿ ಅಂಗಡಿ ಮುನಿಸ್ವಾಮಿಯವರು ವಿಮಾನ ಹತ್ತುವವರಿದ್ದುದು ಜೀವನದಲ್ಲಿ ಮೊದಲ ಸಲ. ಆದರೆ ಅದಕ್ಕೆ ಮುಂಚೆ ಒಂದು ತಿಂಗಳು ಗಿರಾಕಿಗಳನ್ನೆಲ್ಲ ದಿನವೂ ಹತ್ತಿಸಿ ಇಳಿಸಿದರು. "ಬೆಂಗಳೂರಿಂದ ಸಿಂಗಾಪುರ ಮೂರು ಸಾವಿರ ಚಿಲ್ಲರೆ ಕಿಲೋಮೀಟರ್. ನಾಲ್ಕೂವರೆ ಗಂಟೆ, ಅಷ್ಟೇ. ನೀವು ಹೀಗೆ ಒಂದೊಂದೇ ಹುರುಳಿಕಾಯಿ ಮುರಿದು ನೋಡ್ತಾ ಇದ್ರೆ ಅಷ್ಟರಲ್ಲಿ ನಾನು ಅಂಡಮಾನ್ ದಾಟಿರ್ತೀನಿ!"

ಹೋಗುತ್ತಿದ್ದುದು ಶೋಕಿಗಲ್ಲ. ಅಲ್ಲಿ ತಂಗಿಯ ಮಗಳು ತೇಜಸ್ವಿನಿಯ ಮದುವೆ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಇವರೊಬ್ಬರೇ. ಎತ್ತಿ ಆಡಿಸಿದ ಮಗು. ಅದು ತಾವಿಲ್ಲದೆ ಮಂಟಪಕ್ಕೆ ಬರುವುದನ್ನು ನೆನೆಸಿಕೊಳ್ಳಲೂ ಅವರಿಂದ ಆಗುತ್ತಿರಲಿಲ್ಲ.

ಅಡ್ಡ ಬಂದದ್ದು ಪಂಚಾಂಗ. ಮನೆ ಬಿಡಬೇಕಾದ ಮಂಗಳವಾರ ಸಂಜೆ ನಾಲ್ಕು ಗಂಟೆ ಅಪ್ಪಟ ರಾಹುಕಾಲ. "ಬೆಳಿಗ್ಗೇನೇ ಪರಸ್ಥಾನ ಇಟ್ಬಿಡಿ. ಒಂದು ಟವೆಲ್ ಸಾಕು," ಎಂದರು ಹೆಂಡತಿ ಹರಿಣಾಕ್ಷಿ. ಒಳ್ಳೆಯ ಗಳಿಗೆಯಲ್ಲಿ ತಮ್ಮದೊಂದು ವಸ್ತುವನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಹೊರಟಂತೆಯೇ ಲೆಕ್ಕ. ಆಮೇಲೆ ಹೋಗುವಾಗ ಎತ್ತಿಕೊಂಡರಾಯಿತು.

"ಫಾರಿನ್ನಿಗೆ ಹೋಗೋನು ಟವೆಲ್ ಇಡ್ಲಾ?" ಎಂದು ಮುನಿಸ್ವಾಮಿಯವರು ಪಾಸ್‌ಪೋರ್ಟು, ಟಿಕೆಟ್ಟು ಇದ್ದ ಚೀಲವನ್ನೇ ಒಯ್ದು ಎದುರುಮನೆ ಜಾನಕಮ್ಮನವರ ನಡುಮನೆಯ ಮೇಜಿನ ಮೇಲಿಟ್ಟರು. ಇಟ್ಟು ಸುಮ್ಮನೆ ಬರಲಿಲ್ಲ, ಅವರಿಗೂ ದಾರಿ ವಿವರಿಸಿದರು. ವಿವರಣೆ ಚೆನ್ನೈ ದಾಟಿ ಸಮುದ್ರದ ಮೇಲೆ ಬರುವ ಹೊತ್ತಿಗೆ ಜಾನಕಮ್ಮ ಮಲ್ಲೇಶ್ವರಕ್ಕೆ ಹೋಗಬೇಕು ಎಂದೇನೋ ಹೇಳಿ, ಏನೋ ಕೈಗಿಟ್ಟರು. ಇವರು ಅದನ್ನು ಬೆಳಿಗ್ಗೆಯೇ ತೊಟ್ಟಿದ್ದ ಹೊಸ ಸಫಾರಿಯ ಜೇಬಿಗೆ ಬಿಟ್ಟು, ಮಾತಿನಲ್ಲೇ ಸಿಂಗಾಪುರ ಮುಟ್ಟಿದರು.

ನಾಲ್ಕಕ್ಕೆ ಟ್ಯಾಕ್ಸಿ ಬಂತು. ಎದುರುಮನೆಗೆ ಬೀಗ.

ಕಿಟಕಿಯಿಂದ ಚೀಲ ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. "ಮೂರು ಸಾವಿರ ಕಿಲೋಮೀಟರ್ ಬಾಯಲ್ಲೇ ದಾಟಿದ್ರಿ. ಈಗ ಈ ಮೂರು ಮೊಳ ದಾಟಿ ನೋಡೋಣ," ಎಂದರು ಹರಿಣಾಕ್ಷಿ. ಮುನಿಸ್ವಾಮಿಯವರಿಗೆ ಅಳುವೇ ಬಂದಿತ್ತು. ಕೊನೆಗೆ ನುಗ್ಗೆಕಾಯಿ ಕೀಳುವ ದೋಟಿ ತಂದು ಸರಳುಗಳ ನಡುವೆ ತೂರಿಸಿದರು. ಬೀದಿಯವರೆಲ್ಲ ಸೇರಿ "ಎಡಕ್ಕೆ, ಸ್ವಲ್ಪ ಮೇಲಕ್ಕೆ" ಎಂದು ವಿಮಾನ ಇಳಿಸಿದಂತೆ ಇಳಿಸಿಕೊಟ್ಟರು. ಚೀಲ ಸರಳಿನ ಸಂದಿಯಲ್ಲಿ ಹಿಡಿಯಲಿಲ್ಲ. ಜಿಪ್ ತೆಗೆದು ಪಾಸ್‌ಪೋರ್ಟು ಟಿಕೆಟ್ಟುಗಳನ್ನಷ್ಟೇ ಎಳೆದುಕೊಂಡರು. ಸಫಾರಿಯ ಭುಜ ಹರಿಯಿತು, ವಿಮಾನ ಸಿಕ್ಕಿತು.

ಮರುದಿನ ತೇಜಸ್ವಿನಿಯ ಕೈಹಿಡಿದು ಮಂಟಪಕ್ಕೆ ತಂದ ಸೋದರಮಾವ, ಊಟ ಮುಗಿಸಿ ಮನೆಗೆ ಫೋನ್ ಮಾಡಿದರು. "ನನ್ನ ತಲೆಗೆ ಆ ದೋಟಿ ಹೊಳೀದಿದ್ರೆ ಏನಾಗ್ತಿತ್ತು ಹೇಳು?"

"ತಲೆ ಇರ್ಲಿ. ಆ ಹರಿದ ಸಫಾರಿ ಜೇಬು ಒಂದ್ಸಲ ನೋಡಿ."

ಗೂಟಕ್ಕೆ ನೇತುಹಾಕಿದ್ದ ಸಫಾರಿಯ ಜೇಬಿಗೆ ಕೈ ಹಾಕಿದರು. ಬೀಗದ ಕೈ ಸಿಕ್ಕಿತು.

"ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ದೋಟಿ ಹಿಡಿದ್ರಿ," ಎಂದರು ಹರಿಣಾಕ್ಷಿ. "ಜಾನಕಮ್ಮ ನಿನ್ನೆ ಸಂಜೆಯಿಂದ ನಮ್ಮನೇಲೇ ಇದಾರೆ. ಅವರ ಮನೆ ಬೀಗಕ್ಕೂ ಬೀಗದ ಕೈಗೂ ಎಷ್ಟು ಕಿಲೋಮೀಟರ್ ದೂರ ಅಂತ ಕೇಳ್ತಿದಾರೆ. ನಿಮಗೆ ಬಾಯಿಪಾಠ ಅಲ್ವಾ, ನೀವೇ ಹೇಳ್ಬಿಡಿ."