ಬ್ರಿಹಿದಾಳ ಎಡೆಗೆ ಜೀಗುಜ್ಜೆ

ಹೆಂಡತಿ ಬ್ರಿಹಿದಾ ಸತ್ತ ಮೇಲಾದರೂ ಅಡುಗೆಮನೆ ತನ್ನ ಕೈಗೆ ಬಂದೀತೆಂದು ಸೊರ್ಸೊಗೊನ್ ಊರಿನ ಎಲಿಯೊದೊರೊ ಎಣಿಸಿದ್ದರೆ ಅದು ಅವನ ಭ್ರಮೆ. ನಾದಿನಿ ಸೊಲಿದಾದ್ ಬೆಳಗ್ಗೆಯೇ ಬಂದು ಒಲೆಯ ಪಕ್ಕ ಪಟ್ಟಾಭಿಷಿಕ್ತಳಾಗಿದ್ದಳು. (ಆ ಮನೆತನದ ಹೆಂಗಸರು ಅಧಿಕಾರ ಹಸ್ತಾಂತರಿಸುವುದೇ ಹೀಗೆ.)

ಅಂದು ಸತ್ತವರ ಹಬ್ಬ. ಹೋದವರಿಗೆ ಪ್ರಿಯವಾದದ್ದನ್ನು ಎಡೆಯಿಡಬೇಕು. ಬ್ರಿಹಿದಾ ಹೋದ ಮೇಲೆ ಬಂದ ಮೊದಲ ಹಬ್ಬ ಬೇರೆ. ಅವಳು ಬದುಕಿದ್ದಾಗ ಒಂದು ಲೋಟ ನೀರನ್ನೂ ಕಾಯಿಸಿ ಕೊಡದ ಎಲಿಯೊದೊರೊಗೆ, ಈ ಒಂದು ಊಟವನ್ನಾದರೂ ಕೈಯಾರೆ ಬಡಿಸದಿದ್ದರೆ ಸ್ವರ್ಗದಲ್ಲೂ ಅವಳು ಮುಖ ತಿರುಗಿಸಿಯಾಳು ಎಂಬ ಕೊರಗು. ಏನು ಮಾಡಬೇಕೆಂಬ ಸಂಶಯ ಮಾತ್ರ ಇರಲಿಲ್ಲ. ಕಾಯಿಹಾಲಿನಲ್ಲಿ ಬೇಯಿಸಿದ ಜೀಗುಜ್ಜೆ, ಅದೇ ದೀವಿಹಲಸು! ಮದುವೆಯಾದಾಗಿನಿಂದ ವಾರ ತಪ್ಪದೆ ಮಾಡುತ್ತಿದ್ದಳಲ್ಲ.

"ಭಾವ, ನಿಜವಾಗ್ಲೂ ಇದನ್ನೇ ಮಾಡ್ತೀರಾ?"

"ಅವಳಿಗೆ ಇದಂದ್ರೆ ಪ್ರಾಣ ಕಣೆ."

"ಸತ್ತ ಮೇಲೂ ಜಗಳ ಬಿಡಲ್ವಲ್ಲ ನೀವು!"

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಜೀಗುಜ್ಜೆಯ ಮೇಣ ಚಾಕುವಿಗೆ, ಕೈಗೆ, ಕೊನೆಗೆ ಮೀಸೆಗೂ ಮೆತ್ತಿತು. ತೆಳುಹಾಲಿನಲ್ಲಿ ಒಣಮೀನು, ಶುಂಠಿ, ಮೆಣಸಿನಕಾಯಿ ಜೊತೆ ಹೋಳು ಬೆಂದ ಮೇಲೆ ಗಟ್ಟಿಹಾಲು ಸುರಿದ.

"ಕೈ ನಿಲ್ಲಿಸ್ಬೇಡಿ, ಹಾಲು ಒಡೆಯುತ್ತೆ!"

"ನೀನು ಬಾಯಿ ನಿಲ್ಲಿಸು, ಒಡೆಯಲ್ಲ!"

ಒಡೆಯಲಿಲ್ಲ. ಫೋಟೊದ ಮುಂದೆ ಮೇಣದಬತ್ತಿ ಹಚ್ಚಿ, ತಟ್ಟೆಯಿಟ್ಟು, "ತಿನ್ನೇ ಬ್ರಿಹಿದಾ" ಎಂದ.

ಆಗ ಕಿಟಕಿಯಿಂದ ಯಾರದೋ ಬೂದು ಬೆಕ್ಕು ನೇರ ಮೇಜಿಗೆ ನೆಗೆಯಿತು. ಎಲಿಯೊದೊರೊ ಪೊರಕೆ ಎತ್ತಿದ. ಸೊಲಿದಾದ್ ಅವನ ಕೈ ಹಿಡಿದಳು.

"ಇವತ್ತು ಒಳಗೆ ಬಂದ ಜೀವಾನ ಹೊಡೀತಾರಾ? ಯಾರು ಯಾವ ರೂಪದಲ್ಲಿ ಬರ್ತಾರೋ!"

ಬೆಕ್ಕು ಜೀಗುಜ್ಜೆಯನ್ನು ಮೂಸಿ, ಮೂತಿ ಸಿಂಡರಿಸಿ, ಹೋಳುಗಳನ್ನು ಪಂಜದಿಂದ ಪಕ್ಕಕ್ಕೆ ತಳ್ಳಿ, ಮೀನನ್ನಷ್ಟೇ ಆರಿಸಿ ತಿನ್ನತೊಡಗಿತು.

"ಅಕ್ಕನೇ!" ಸೊಲಿದಾದ್ ಶಿಲುಬೆ ಗುರುತು ಹಾಕಿಕೊಂಡಳು. "ಭಾವ, ಜೀಗುಜ್ಜೆ ಕಂಡ್ರೆ ಅವಳಿಗೆ ಆಗ್ತಿರ್ಲಿಲ್ಲ. ಹೊಸದರಲ್ಲಿ ನೀವು ಚಪ್ಪರಿಸಿ ತಿಂದ್ರಿ ಅಂತ ಮಾಡ್ತಾನೇ ಹೋದ್ಲು. ನಿಮಗೆ ಬಡಿಸಿ, ತಾನು ಒಲೆ ಹಿಂದೆ ಕೂತು ಒಣಮೀನು ಅನ್ನ ತಿಂತಿದ್ಲು. ಹೇಳ್ಬಾರ್ದು ಅಂತ ನಂಗೆ ಆಣೆ ಬೇರೆ."

ಎಲಿಯೊದೊರೊ ನೆನಪಿಸಿಕೊಳ್ಳಲು ನೋಡಿದ. ಬ್ರಿಹಿದಾ ಉಣ್ಣುವುದನ್ನು ಅವನು ನೋಡಿದ್ದೇ ಇಲ್ಲ. ಪೊರಕೆ ಕೆಳಗಿಟ್ಟ.

"ಒಂದು ಮಾತು ಹೇಳಬಾರದಿತ್ತೇನೇ?" ಎಂದು ಬೆಕ್ಕನ್ನೇ ಕೇಳಿದ.

"ನೀವು ಒಂದಿನ ಕೇಳಿದ್ರಾ?" ಎಂದಳು ಸೊಲಿದಾದ್.

ಅವನು ಪಾತ್ರೆಯ ತಳ ಕೆದಕಿ, ಉಳಿದ ಮೀನಿನ ಚೂರುಗಳನ್ನೆಲ್ಲ ಹುಡುಕಿ, ಒಂದೊಂದಾಗಿ ಹೆಂಡತಿಗೆ ಬಡಿಸತೊಡಗಿದ.